ಮಾವನ ಪಂಚಾಂಗದಲ್ಲಿ ದನಗಳ ವಂಶ ಸಿಕ್ಕಿದೆ. ಇನ್‌ಬ್ರೀಡಿಂಗ್ ಎಷ್ಟು ಅಂತ ಲೆಕ್ಕ ಹಾಕುವುದು ಹೇಗೆ?

ಕೊಟ್ಟಿಗೆಯವಳು, ಶಿರಸಿ:

ಎಲ್ಲರಿಗೂ ನಮಸ್ಕಾರ. ಶಿರಸಿ ತಾಲೂಕಿನ ಒಂದು ಹಳ್ಳಿ ನಮ್ಮದು. ಒಂದೂವರೆ ಎಕರೆ ಅಡಿಕೆ ತೋಟ, ಅದಕ್ಕೆ ಸೇರಿದ ಸೊಪ್ಪಿನ ಬೆಟ್ಟ, ಕೊಟ್ಟಿಗೆಯಲ್ಲಿ ಒಂಬತ್ತು ಮಲೆನಾಡು ಗಿಡ್ಡ. ಮಾವ ತೀರಿಕೊಂಡು ಮೂರು ವರ್ಷ ಆಯಿತು. ಅಲ್ಲಿಂದ ದನಗಳನ್ನು ನೋಡಿಕೊಳ್ಳುವುದು ನನ್ನ ಪಾಲಿಗೆ ಬಂತು.

ಮಾವನಿಗೆ ಒಂದು ಅಭ್ಯಾಸ ಇತ್ತು. ಯಾವ ದನ ಯಾವತ್ತು ಬೆದೆಗೆ ಬಂತು, ಹೋರಿ ಯಾವುದು, ಯಾವತ್ತು ಕರು ಹಾಕಿತು, ಎಲ್ಲವನ್ನೂ ಪಂಚಾಂಗದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಡುತ್ತಿದ್ದರು. ವರ್ಷ ಮುಗಿದರೂ ಪಂಚಾಂಗ ಎಸೆಯುತ್ತಿರಲಿಲ್ಲ. 2010ರಿಂದ ಈಚಿನವು ನನ್ನ ಹತ್ತಿರ ಇವೆ.

ಹೋದ ಮಳೆಗಾಲದಲ್ಲಿ ಚುಕ್ಕಿ ಮೊದಲನೇ ಕರು ಹಾಕಿದಳು. ಗಂಡುಕರು. ಎದ್ದು ನಿಲ್ಲಲೇ ಇಲ್ಲ. ಗಿಣ್ಣುಹಾಲು ಹಿಂಡಿ ಬಾಯಿಗೆ ಹಾಕಿದೆ. ಎರಡು ರಾತ್ರಿ ಗೋಣಿ ಹಾಸಿಕೊಂಡು ಪಕ್ಕದಲ್ಲೇ ಕೂತೆ. ಮೂರನೇ ದಿನ ಬೆಳಗ್ಗೆ ಜೀವ ಹೋಯಿತು. ಆಮೇಲೆ ಪಂಚಾಂಗ ತೆಗೆದು ನೋಡಿದೆ. ಆ ಕರುವಿನ ತಂದೆ ಬೋಳ. ಚುಕ್ಕಿಯ ತಂದೆಯೂ ಬೋಳ. ಓದಿ ಕೈಕಾಲು ತಣ್ಣಗಾಯಿತು. ಎಲ್ಲವನ್ನೂ ಒಟ್ಟಿಗೇ ಬೆಟ್ಟಕ್ಕೆ ಬಿಡುತ್ತಿದ್ದೆ, ಇದನ್ನು ಯೋಚಿಸಿಯೇ ಇರಲಿಲ್ಲ.

ನನಗೆ ಸಿಕ್ಕಿದ ವಂಶ ಇಷ್ಟು. ಕೆಂದ ಎಂಬ ಹೋರಿಗೂ ಗೌರಿಗೂ ಹುಟ್ಟಿದವಳು ಕಪಿಲೆ, 2012ರಲ್ಲಿ. ಅದೇ ಕೆಂದನಿಗೂ ತುಂಗೆಗೂ ಹುಟ್ಟಿದವನು ಬೋಳ, 2014ರಲ್ಲಿ. ಬೋಳ ಮತ್ತು ಕಪಿಲೆಯ ಮಗಳು ಚುಕ್ಕಿ, 2019ರಲ್ಲಿ.

ಇನ್‌ಬ್ರೀಡಿಂಗ್, ಅಂದರೆ ಹೀಗೆ ನೆಂಟ ದನಗಳೇ ಕೂಡಿ ಕರು ಹುಟ್ಟುವುದು, ಶೇಕಡಾ ಇಷ್ಟು ಅಂತ ಲೆಕ್ಕ ಹಾಕಬಹುದಂತೆ, ಹೌದಾ? ನಾನು ಪಿಯುಸಿವರೆಗೆ ಓದಿದ್ದೇನೆ, ಲೆಕ್ಕಕ್ಕೆ ಹೆದರುವುದಿಲ್ಲ. ಕರು ಹೋಗಿದ್ದು ಇದರಿಂದಲೇ ಅಂತ ಹೇಳಬಹುದಾ? ಬೋಳನನ್ನು ಇನ್ನು ಇಟ್ಟುಕೊಳ್ಳಬಹುದಾ? ಅವನು ಮಾವನ ಕೈಯಲ್ಲಿ ಬೆಳೆದವನು. ಗೊತ್ತಿರುವವರು ದಯವಿಟ್ಟು ಹೇಳಿ.


ನಿವೃತ್ತ ಪಶುವೈದ್ಯ, ಕುಮಟಾ:

ತಂಗೀ, ಮೊದಲು ಆ ಪಂಚಾಂಗಗಳನ್ನು ಗೆದ್ದಲು ಮುಟ್ಟದ ಜಾಗದಲ್ಲಿ ಇಡು. ಮೂವತ್ತು ವರ್ಷ ಕೊಟ್ಟಿಗೆಯಿಂದ ಕೊಟ್ಟಿಗೆಗೆ ಓಡಾಡಿದ್ದೇನೆ. ಹೋರಿಯ ಹೆಸರು ಬರೆದಿಟ್ಟವರು ಬೆರಳೆಣಿಕೆಯಷ್ಟು ಜನ.

ಈ ಅಳತೆಯನ್ನು ಎಫ್ ಅನ್ನುತ್ತಾರೆ. ಯಾವುದೇ ಜೀನಿನ ಎರಡು ಪ್ರತಿ ದನದ ಮೈಯಲ್ಲಿ ಇರುತ್ತವೆ. ಒಂದು ತಾಯಿ ಕೊಟ್ಟದ್ದು, ಒಂದು ತಂದೆ ಕೊಟ್ಟದ್ದು. ಆ ಎರಡೂ ಹಿಂದಿನ ಒಂದೇ ದನದ ಒಂದೇ ಪ್ರತಿಯಿಂದ ಇಳಿದು ಬಂದಿರುವ ಸಂಭವ ಎಷ್ಟು? ಅದೇ ಎಫ್. ಸಿವಾಲ್ ರೈಟ್ ಎಂಬ ವಿಜ್ಞಾನಿ ಅಮೆರಿಕದ ಕೃಷಿ ಇಲಾಖೆಯಲ್ಲಿ ಗಿನಿಪಿಗ್‌ಗಳ ಮೇಲೆ ಕೆಲಸ ಮಾಡುತ್ತಿದ್ದಾಗ, 1922ರಲ್ಲಿ ಈ ಲೆಕ್ಕ ಕೊಟ್ಟರು. ಅದಕ್ಕೆ ಈ ಸಂಭವದ ಅರ್ಥ ಹೇಳಿದವರು ಫ್ರಾನ್ಸಿನ ಗುಸ್ತಾವ್ ಮಾಲೆಕೊ, 1948ರಲ್ಲಿ.

ಲೆಕ್ಕ ಹೀಗೆ. ಚುಕ್ಕಿಯ ತಂದೆಯಿಂದ ಹೊರಡು. ತಂದೆ ತಾಯಿ ಇಬ್ಬರಿಗೂ ಹಿರಿಯನಾದ ದನದವರೆಗೆ ಹತ್ತು. ಅಲ್ಲಿಂದ ತಾಯಿಯವರೆಗೆ ಇಳಿ. ದಾರಿಯಲ್ಲಿ ಸಿಕ್ಕಿದ ದನಗಳನ್ನು ಎಣಿಸು, ತಂದೆ ತಾಯಿ ಸೇರಿಸಿ. ಅಷ್ಟು ಸಲ ಅರ್ಧ ಮಾಡು. ಯಾಕೆ ಅರ್ಧ ಅಂದರೆ, ಪ್ರತಿ ಮೆಟ್ಟಿಲಿನಲ್ಲೂ ಎರಡರಲ್ಲಿ ಒಂದು ಪ್ರತಿ ಮಾತ್ರ ಮುಂದಕ್ಕೆ ಹೋಗುತ್ತದೆ.

ನಿನ್ನ ಚುಕ್ಕಿಗೆ ದಾರಿ ಒಂದೇ: ಬೋಳ, ಕೆಂದ, ಕಪಿಲೆ. ಮೂರು ದನ. ಅರ್ಧದ ಅರ್ಧದ ಅರ್ಧ, ಎಂಟರಲ್ಲಿ ಒಂದು. ಶೇಕಡಾ 12.5. ಹೋಲಿಕೆಗೆ ಹೇಳುತ್ತೇನೆ, ತಂದೆ ತಾಯಿ ಎರಡೂ ಒಂದೇ ಆದ ಒಡಹುಟ್ಟಿದವರಿಗೆ ಹುಟ್ಟಿದ ಕರುವಿಗೆ ಇದು ಶೇಕಡಾ 25.

ಎರಡು ಮಾತು ನೆನಪಿಡು. ಇಂಥ ದಾರಿ ಒಂದಕ್ಕಿಂತ ಜಾಸ್ತಿ ಇದ್ದರೆ ಪ್ರತಿಯೊಂದನ್ನೂ ಲೆಕ್ಕ ಹಾಕಿ ಕೂಡಿಸಬೇಕು. ಒಂದೇ ದಾರಿಯಲ್ಲಿ ಒಂದು ದನ ಎರಡು ಸಲ ಬರಬಾರದು. ಆಮೇಲೆ, ಮೇಲೆ ಇರುವ ಆ ಹಿರಿಯ ದನಕ್ಕೇ ಇನ್‌ಬ್ರೀಡಿಂಗ್ ಇದ್ದರೆ, ಆ ದಾರಿಯ ಉತ್ತರವನ್ನು ಒಂದು ಮತ್ತು ಅದರ ಎಫ್ ಕೂಡಿಸಿದ ಸಂಖ್ಯೆಯಿಂದ ಗುಣಿಸಬೇಕು.

2010ಕ್ಕಿಂತ ಹಿಂದಿನ ಪಂಚಾಂಗ ಮನೆಯಲ್ಲಿ ಎಲ್ಲಾದರೂ ಇದೆಯಾ ನೋಡು. ಗೌರಿ, ತುಂಗೆ, ಕೆಂದ ಒಬ್ಬರಿಗೊಬ್ಬರು ಏನೂ ಸಂಬಂಧ ಇಲ್ಲದವರು ಅಂತ ಸದ್ಯಕ್ಕೆ ನಾವು ಇಟ್ಟುಕೊಂಡಿದ್ದೇವೆ. ಪುಸ್ತಕ ಅಲ್ಲಿಗೆ ನಿಂತಿದೆ, ಅದಕ್ಕಾಗಿ ಅಷ್ಟೆ.


ಕೊಟ್ಟಿಗೆಯವಳು, ಶಿರಸಿ:

ಡಾಕ್ಟ್ರೇ, ಅಟ್ಟ ಹತ್ತಿದೆ. ಅಡಿಕೆ ಚೀಲಗಳ ಹಿಂದೆ ಕತ್ತದ ಹಗ್ಗದಲ್ಲಿ ಕಟ್ಟಿದ ಒಂದು ಕಟ್ಟು ಸಿಕ್ಕಿತು. ಕೆಲವು ಹಾಳೆ ಇಲಿ ತಿಂದಿದೆ. ಎರಡು ಸಂಜೆ ಚಿಮಣಿ ದೀಪದ ಹತ್ತಿರ ಕೂತು ಓದಿದೆ, ಮಳೆಗೆ ಕರೆಂಟ್ ಇರಲಿಲ್ಲ.

ಗೌರಿ 2004ರ ಕರು. ಮಾವ ಬರೆದಿದ್ದಾರೆ: "ದೊಡ್ಡಿ, ಹೆಣ್ಣು, ಮೇಲಿನಕೇರಿ ಹೋರಿ." ತುಂಗೆ 2007ರದು. ಅಲ್ಲಿಯೂ "ದೊಡ್ಡಿ, ಹೆಣ್ಣು", ಹೋರಿ ಮಾತ್ರ ಬೇರೆ ಊರಿನದು. ಅಂದರೆ ಇಬ್ಬರೂ ಒಂದೇ ತಾಯಿಯ ಮಕ್ಕಳು! ದೊಡ್ಡಿಯನ್ನು ನಾನು ನೋಡಿಲ್ಲ. ಮದುವೆಯಾಗಿ ಬರುವ ಹೊತ್ತಿಗೆ ಅವಳಿರಲಿಲ್ಲ. ಅತ್ತೆ ಮಾತ್ರ ಈಗಲೂ ಅವಳ ಹೆಸರು ಹೇಳುತ್ತಾರೆ.

ಹಾಗಾಗಿ ಇನ್ನೊಂದು ದಾರಿ ಹುಟ್ಟಿತು: ಬೋಳ, ತುಂಗೆ, ದೊಡ್ಡಿ, ಗೌರಿ, ಕಪಿಲೆ. ಐದು. ಮೂವತ್ತೆರಡರಲ್ಲಿ ಒಂದು. ಹಳೆಯದಕ್ಕೆ ಕೂಡಿಸಿದರೆ ಶೇಕಡಾ 15.6. ಸರಿ ಇದೆಯಾ?

ಇಷ್ಟು ಬರೆದು ಮಲಗಿದ್ದೆ. ಬೆಳಗ್ಗೆ ಎದ್ದು 2006ರ ಪುಟ ಬಿಡಿಸಿದರೆ ಅಲ್ಲಿ ಇದೆ: "ದೊಡ್ಡಿ, ಗಂಡು, ಕೆಂದು ಬಣ್ಣ, ಬೆಟ್ಟದಲ್ಲಿ." ಅದೇ ಕೆಂದ! ಅವನೂ ದೊಡ್ಡಿಯ ಮಗ. ತಂದೆ ಯಾರು ಅಂತ ಮಾವನಿಗೂ ಗೊತ್ತಿರಲಿಲ್ಲ. ಬೆಟ್ಟದಲ್ಲಿ ಮೇಯುವಾಗ ಯಾವುದೋ ಹೋರಿ.

ಈಗ ಇನ್ನೂ ಎರಡು ದಾರಿ. ಬೋಳ, ಕೆಂದ, ದೊಡ್ಡಿ, ಗೌರಿ, ಕಪಿಲೆ. ಬೋಳ, ತುಂಗೆ, ದೊಡ್ಡಿ, ಕೆಂದ, ಕಪಿಲೆ. ಎರಡೂ ಐದೈದು. ಎಲ್ಲ ಸೇರಿ ಮೂವತ್ತೆರಡರಲ್ಲಿ ಏಳು. ಶೇಕಡಾ 21.9. ಚುಕ್ಕಿ ಅದೇ ಚುಕ್ಕಿ. ಮೂರು ದಿನದಲ್ಲಿ ಅವಳ ಸಂಖ್ಯೆ 12.5 ಇದ್ದದ್ದು ಹತ್ತಿರ ಹತ್ತಿರ 22 ಆಯಿತು. ಇನ್ನೂ ಹಳೆಯ ಕಟ್ಟು ಸಿಕ್ಕರೆ ಇನ್ನೆಷ್ಟು ಏರುತ್ತದೋ.


ನಿವೃತ್ತ ಪಶುವೈದ್ಯ, ಕುಮಟಾ:

ಲೆಕ್ಕ ಪೂರ್ತಿ ಸರಿ ಇದೆ. ಇದಕ್ಕಿಂತ ಚೆನ್ನಾಗಿ ನಾನೂ ಹಾಕುತ್ತಿರಲಿಲ್ಲ.

ಈಗ ತೀರಿಹೋದ ಕರು. ಅದರ ತಂದೆ ಬೋಳ, ತಾಯಿ ಚುಕ್ಕಿ. ನೇರ ದಾರಿಯಲ್ಲಿ ಎರಡೇ ದನ, ನಾಲ್ಕರಲ್ಲಿ ಒಂದು. ಆದರೆ ಈ ದಾರಿಯ ಹಿರಿಯ ಬೋಳನೇ, ಅದಕ್ಕೂ ಎಫ್ ಇದೆ. ಕೆಂದ ಮತ್ತು ತುಂಗೆ ಒಂದೇ ತಾಯಿಯ ಮಕ್ಕಳಲ್ವಾ? ಹಾಗಾಗಿ ಬೋಳನ ಎಫ್ ಶೇಕಡಾ 12.5. ನಾಲ್ಕರಲ್ಲಿ ಒಂದನ್ನು 1.125ರಿಂದ ಗುಣಿಸು, ಶೇಕಡಾ 28.1. ಇನ್ನುಳಿದ ದಾರಿಗಳೆಲ್ಲ ಕಪಿಲೆಯ ಮೂಲಕ ಚುಕ್ಕಿಗೆ ಇಳಿಯುತ್ತವೆ. ಚುಕ್ಕಿಗೆ ಹಾಕಿದ ಲೆಕ್ಕದ ಅರ್ಧ, ಶೇಕಡಾ 10.9. ಕೂಡಿಸಿದರೆ 39.

ಇದು ದೊಡ್ಡ ಸಂಖ್ಯೆ. ಆದರೂ ಕರು ಹೋದದ್ದು ಇದರಿಂದಲೇ ಅಂತ ನಾನು ಹೇಳಲಾರೆ. ಎಫ್ ಜಾಸ್ತಿ ಆದಾಗ ಅಡಗಿ ಕೂತ ಕೆಟ್ಟ ಜೀನಿನ ಎರಡೂ ಪ್ರತಿ ಒಂದೇ ಮೈಯಲ್ಲಿ ಕೂಡುವ ಸಂಭವ ಏರುತ್ತದೆ. ಕರುಗಳು ಸಾಯುವುದು, ಗಬ್ಬ ನಿಲ್ಲದಿರುವುದು, ಹಾಲು ಕಡಿಮೆ ಆಗುವುದು ಇಂಥವು ಮಂದೆಯಲ್ಲಿ ಜಾಸ್ತಿ ಆಗುತ್ತವೆ. ಆದರೆ ಒಂದು ಕರುವನ್ನು ತೋರಿಸಿ ಇದು ಅದರಿಂದಲೇ ಅನ್ನಲು ಆಗುವುದಿಲ್ಲ. ಹೆರಿಗೆ ಕಷ್ಟ ಆದರೂ, ಹೊಕ್ಕುಳಿಗೆ ನಂಜಾದರೂ ಕರು ಏಳುವುದಿಲ್ಲ. ಇಂಗ್ಲೆಂಡಿನ ಶಾರ್ಟ್‌ಹಾರ್ನ್ ತಳಿಯಲ್ಲಿ ಕಾಮೆಟ್ ಎಂಬ ಹೋರಿ ಇತ್ತು. ಅದರ ಎಫ್ ಶೇಕಡಾ 47ರ ಹತ್ತಿರ. 1810ರಲ್ಲಿ ಅದು ಒಂದು ಸಾವಿರ ಗಿನಿಗೆ ಮಾರಾಟವಾಯಿತು. ಅಷ್ಟು ಚಂದದ ಹೋರಿ. ಅಂದರೆ ಎಫ್ ಹಣೆಬರಹ ಅಲ್ಲ, ಸಂಭವ. ನೀನು ಎರಡು ರಾತ್ರಿ ಕೂತದ್ದರಲ್ಲಿ ಏನೂ ಕಡಿಮೆ ಮಾಡಿಲ್ಲ ತಂಗೀ.

ಬೋಳನನ್ನು ಮಾತ್ರ ಈ ಹೆಣ್ಣುಗಳ ಜೊತೆ ಬಿಡಬೇಡ. ನಿನ್ನ ಕೊಟ್ಟಿಗೆಯಲ್ಲಿ ದೊಡ್ಡಿಯ ರಕ್ತ ಇಲ್ಲದ್ದು ಯಾವುದೂ ಇದ್ದಂತೆ ಕಾಣುವುದಿಲ್ಲ.


ಕಾರವಾರದ ಮೇಷ್ಟ್ರು:

ಜೀವಶಾಸ್ತ್ರ ಕಲಿಸುವವನು ನಾನು. ಅಕ್ಕಾ, ನಿಮ್ಮ ಮೂರು ಸಂಖ್ಯೆಗಳನ್ನು ನಾಳೆ ತರಗತಿಯಲ್ಲಿ ಬೋರ್ಡ್ ಮೇಲೆ ಬರೆಯುತ್ತೇನೆ. ಎಫ್ ಬಗ್ಗೆ ಮಕ್ಕಳಿಗೆ ತಿಳಿಯದೇ ಹೋಗುವುದು ಇದೊಂದೇ. ಎಫ್ ಇಷ್ಟು ಅಂದರೆ ಸಾಲದು, ಯಾವತ್ತಿನಿಂದ ಎಣಿಸಿದ್ದು ಅಂತಲೂ ಹೇಳಬೇಕು. 2010ರಿಂದ ಎಣಿಸಿದರೆ 12.5, 2004ರಿಂದ ಎಣಿಸಿದರೆ 21.9. ಎರಡೂ ಸುಳ್ಳಲ್ಲ. ಪುಸ್ತಕ ಎಲ್ಲಿ ಶುರುವಾಗುತ್ತದೋ ಅಲ್ಲಿಯ ದನಗಳನ್ನೆಲ್ಲ ಸಂಬಂಧ ಇಲ್ಲದವು ಅಂತ ಸೊನ್ನೆ ಹಿಡಿಯುತ್ತೇವೆ. ಬೆಟ್ಟದ ಆ ಗೊತ್ತಿಲ್ಲದ ಹೋರಿಗೂ ಸೊನ್ನೆಯೇ. ಹಾಗಾಗಿ ಪಂಚಾಂಗದ ಲೆಕ್ಕ ಯಾವಾಗಲೂ "ಕಡಿಮೆ ಅಂದರೆ ಇಷ್ಟು" ಅಂತ ಓದಿಕೊಳ್ಳಬೇಕು.

ಪುಸ್ತಕವೇ ಇಲ್ಲದವರು ಏನು ಮಾಡುತ್ತಾರೆ? ಇಡೀ ಗುಂಪಿನ ರಕ್ತ ಪರೀಕ್ಷೆ ಮಾಡಿ, ಒಂದು ಜೀನಿನ ಎರಡು ಬೇರೆ ಬೇರೆ ರೂಪ ಇರುವ ದನ ಎಷ್ಟು ಅಂತ ಎಣಿಸುತ್ತಾರೆ. ಮನಬಂದಂತೆ ಬೆರೆತಿದ್ದರೆ ನೂರರಲ್ಲಿ 50 ಇರಬೇಕಿತ್ತು, ಇರುವುದು 40 ಅಂತಿಟ್ಟುಕೊಳ್ಳಿ. ಐದರಲ್ಲಿ ಒಂದು ಪಾಲು ಕಡಿಮೆ. ಎಫ್ 0.2. ಇದೂ ರೈಟ್ ಅವರದೇ ದಾರಿ.

ಇದರಲ್ಲಿ ಎರಡು ಕಡೆ ಕಾಲು ಜಾರುತ್ತದೆ. ಘಟ್ಟದ ಮೇಲಿನ ದನಗಳನ್ನೂ ಕೆಳಗಿನವನ್ನೂ ಒಂದೇ ಗುಂಪು ಅಂತ ಎಣಿಸಿದಿರಿ ಅನ್ನಿ. ಎರಡೂ ಕಡೆ ಯಾರೂ ಸಂಬಂಧದಲ್ಲಿ ಕೂಡದಿದ್ದರೂ ಎರಡು ಬೇರೆ ರೂಪ ಇರುವ ದನಗಳು ಕಡಿಮೆ ಕಾಣುತ್ತವೆ. ಸ್ವೀಡನ್ನಿನ ವಾಲುಂಡ್ 1928ರಲ್ಲಿ ಇದನ್ನು ತೋರಿಸಿದರು. ಇನ್ನೊಂದು ಇದರ ತಿರುಗು. ಒಂದೇ ಹೋರಿಯ ಮಕ್ಕಳೇ ತುಂಬಿದ ಕೊಟ್ಟಿಗೆಯಲ್ಲಿ ಈ ಲೆಕ್ಕ ಹಾಕಿದರೆ ಉತ್ತರ ಸೊನ್ನೆಯೋ ಸೊನ್ನೆಗಿಂತ ಕಡಿಮೆಯೋ ಬರಬಹುದು. ಎಲ್ಲವೂ ನೆಂಟರೇ, ಆದರೂ ಸೊನ್ನೆ. ಯಾಕೆಂದರೆ ಆ ಕೊಟ್ಟಿಗೆಯನ್ನು ಆ ಕೊಟ್ಟಿಗೆಗೇ ಹೋಲಿಸಿದ್ದೀರಿ. ಇಲ್ಲಿಯೂ ಕೇಳಬೇಕಾದ ಪ್ರಶ್ನೆ ಅದೇ: ಯಾವುದಕ್ಕೆ ಹೋಲಿಸಿ?

ಇದಕ್ಕೆ ಹೊಸ ದಾರಿ ಡಿಎನ್‌ಎ. ತಾಯಿ ಕಡೆಯಿಂದಲೂ ತಂದೆ ಕಡೆಯಿಂದಲೂ ಒಂದೇ ತುಂಡು ಬಂದಿದ್ದರೆ ಕ್ರೋಮೋಸೋಮಿನಲ್ಲಿ ಉದ್ದಕ್ಕೂ ಎರಡೂ ಪ್ರತಿ ಒಂದೇ ಥರ ಇರುತ್ತವೆ. ಅಂಥ ತುಂಡುಗಳ ಉದ್ದ ಕೂಡಿಸಿ, ಒಟ್ಟು ಉದ್ದದಿಂದ ಭಾಗಿಸಿದರೆ ಎಫ್. ದನದ ಲಿಂಗ ಕ್ರೋಮೋಸೋಮ್ ಬಿಟ್ಟು ಉಳಿದ 29 ಜೊತೆ ಸೇರಿ ಸುಮಾರು 250 ಕೋಟಿ ಅಕ್ಷರ. ಅದರಲ್ಲಿ 50 ಕೋಟಿ ಇಂಥ ತುಂಡು ಇದ್ದರೆ ಶೇಕಡಾ 20. ತುಂಡಿನ ಉದ್ದವೇ ಕಾಲ ಹೇಳುತ್ತದೆ, ನನಗೆ ಅದೇ ಬಹಳ ಇಷ್ಟ. ಪ್ರತಿ ತಲೆಮಾರಿನಲ್ಲೂ ತುಂಡುಗಳು ಕತ್ತರಿಸುತ್ತಾ ಹೋಗುತ್ತವೆ. ಎರಡು ಮೂರು ತಲೆಮಾರಿನ ಹಿಂದಿನ ಸಂಬಂಧವಾದರೆ ತುಂಡು ಸರಾಸರಿ ಎರಡು ಕೋಟಿ ಅಕ್ಷರದಷ್ಟು ಉದ್ದ. ಇಪ್ಪತ್ತೈದು ತಲೆಮಾರು ಹಿಂದಿನದಾದರೆ ಇಪ್ಪತ್ತು ಲಕ್ಷದ ಆಸುಪಾಸು. ದೊಡ್ಡಿಯ ಕಾಲದ್ದು ಬೇರೆ, ಅದಕ್ಕೂ ಹಿಂದಿನದ್ದು ಬೇರೆ ಅಂತ ಬಿಡಿಸಿ ನೋಡಬಹುದು. ಮತ್ತೆ, ಪಂಚಾಂಗದ 21.9 ಬರೀ ಸರಾಸರಿ. ಚುಕ್ಕಿಗೆ ಒಡಹುಟ್ಟಿದವಳು ಇದ್ದರೆ ಅವಳಿಗೂ ಕಾಗದದ ಮೇಲೆ 21.9 ಅಂತಲೇ ಬರುತ್ತದೆ. ಡಿಎನ್‌ಎ ನೋಡಿದರೆ ಒಬ್ಬಳಿಗೆ 17, ಇನ್ನೊಬ್ಬಳಿಗೆ 26 ಇರಬಹುದು.


ತುಡುವೆ ಪೆಟ್ಟಿಗೆ, ಸಿದ್ದಾಪುರ:

ದನದ ಮಾತಿನ ಮಧ್ಯೆ ಜೇನು ತರುತ್ತಿದ್ದೇನೆ, ಆದರೆ ವಿಷಯ ಒಂದೇ. ಇನ್‌ಬ್ರೀಡಿಂಗನ್ನು ನಾನು ಕಣ್ಣಲ್ಲೇ ನೋಡುತ್ತೇನೆ.

ನನ್ನ ಹತ್ತು ಪೆಟ್ಟಿಗೆ ತುಡುವೆಯೂ ಒಂದೇ ಪೊಟರೆಯಿಂದ ಹಿಡಿದ ಕುಟುಂಬವನ್ನು ಪಾಲು ಮಾಡಿ ಬೆಳೆಸಿದ್ದು. ಕೆಲವು ವರ್ಷ ಆದ ಮೇಲೆ ಮರಿಗಳ ಎರಿ ಎತ್ತಿ ನೋಡಿದರೆ ಮಧ್ಯೆ ಮಧ್ಯೆ ಖಾಲಿ ಕೋಣೆ. ಜಾಳು ಜಾಳು. ರಾಣಿ ಮೊಟ್ಟೆ ಇಟ್ಟಿದ್ದಾಳೆ, ಮರಿ ಇಲ್ಲ. ಜೇನಿನಲ್ಲಿ ಗಂಡು ಹೆಣ್ಣು ಆಗುವುದನ್ನು ಒಂದು ಜೀನು ನಿರ್ಧರಿಸುತ್ತದೆ. ಅದರ ಎರಡು ಬೇರೆ ಬೇರೆ ರೂಪ ಬಂದರೆ ಹೆಣ್ಣು. ಒಂದೇ ಪ್ರತಿ ಇದ್ದರೆ ಗಂಡು. ಎರಡೂ ಒಂದೇ ರೂಪ ಬಂದರೆ ಅದೂ ಗಂಡೇ, ಆದರೆ ಕೆಲಸಕ್ಕೆ ಬಾರದ ಗಂಡು. ಕೆಲಸಗಾರ ನೊಣಗಳು ಅದನ್ನು ಮೊಟ್ಟೆ ಒಡೆದ ಕೂಡಲೇ ತಿಂದುಬಿಡುತ್ತವೆ. ಕೋಣೆ ಖಾಲಿ.

ಸುತ್ತಮುತ್ತ ಆ ಜೀನಿನ ಹತ್ತು ರೂಪ ಸಮನಾಗಿ ಇದ್ದರೆ ಸರಾಸರಿ ಹತ್ತರಲ್ಲಿ ಒಂದು ಮರಿ ಹೀಗೆ ಹೋಗುತ್ತದೆ. ನಾಲ್ಕೇ ರೂಪ ಉಳಿದಿದ್ದರೆ ನಾಲ್ಕರಲ್ಲಿ ಒಂದು. ರಾಣಿ ತನ್ನ ಅಣ್ಣತಮ್ಮಂದಿರ ಜೊತೆಯೇ ಕೂಡಿದರೂ ಲೆಕ್ಕ ನಾಲ್ಕರಲ್ಲಿ ಒಂದಕ್ಕೇ ಬರುತ್ತದೆ. ಹಾಗಾಗಿ ನೂರು ಕೋಣೆ ಎಣಿಸುತ್ತೇನೆ. ಖಾಲಿ ಇದ್ದದ್ದೆಲ್ಲ ಇದರಿಂದಲೇ ಅಲ್ಲ, ರೋಗದಿಂದಲೂ ಆಗುತ್ತದೆ. 1990ರ ದಶಕದ ಥಾಯ್ ಸ್ಯಾಕ್‌ಬ್ರೂಡ್ ಕಾಟವನ್ನು ನಮ್ಮ ಕಡೆ ಜೇನು ಸಾಕಿದವರು ಯಾರೂ ಮರೆತಿಲ್ಲ. ಆದರೆ ರೋಗ ಇಲ್ಲದೆಯೂ ಜಾಳು ಆದರೆ ದೂರದ ಕಾಡಿನ ಕುಟುಂಬ ತರುತ್ತೇನೆ. ಮುಂದಿನ ರಾಣಿಯ ಕಾಲಕ್ಕೆ ಎರಿ ಮತ್ತೆ ತುಂಬುತ್ತದೆ. ಅಕ್ಕಾ, ನಿಮಗೂ ಅದೇ ಬೇಕು. ಹೊರಗಿನ ಒಂದು ಹೋರಿ.


ಅಂಕೋಲಾ ಗದ್ದೆ:

ನಮ್ಮಲ್ಲಿ ಎರಡು ವರ್ಷದ ಗಿಡ್ಡ ಹೋರಿಕರು ಇದೆ. ಕಪ್ಪು, ಬಲವಾಗಿದೆ. ಅದನ್ನು ಕೊಟ್ಟು ನಿಮ್ಮಿಂದ ಒಂದು ಗಂಡುಕರು ತೆಗೆದುಕೊಳ್ಳುತ್ತೇವೆ. ದುಡ್ಡು ಬೇಡ.

ಮೇಷ್ಟ್ರೇ, ಒಂದು ಮಾತು ಕೇಳಲಾ? ನನ್ನ ಹೆಂಡತಿ ನನ್ನ ಸೋದರತ್ತೆಯ ಮಗಳು. ಗೋತ್ರ ಬೇರೆ. ಮನುಷ್ಯರಿಗೂ ಇದೇ ಲೆಕ್ಕವಾ?


ಕಾರವಾರದ ಮೇಷ್ಟ್ರು:

ಇದೇ ಲೆಕ್ಕ ಅಣ್ಣಾ. ಗೋತ್ರ ತಂದೆಯ ಸಾಲನ್ನು ಮಾತ್ರ ಹಿಡಿಯುತ್ತದೆ. ಜೀನು ತಾಯಿಯ ಸಾಲಿನಲ್ಲೂ ಅಷ್ಟೇ ಬರುತ್ತದೆ. ನಿಮ್ಮಿಬ್ಬರಿಗೂ ಸೇರಿದ ಹಿರಿಯರು ಇಬ್ಬರು, ಅಜ್ಜ ಮತ್ತು ಅಜ್ಜಿ. ಒಬ್ಬೊಬ್ಬರ ದಾರಿಯಲ್ಲೂ ಐದು ಜನ, ಮೂವತ್ತೆರಡರಲ್ಲಿ ಒಂದು. ಎರಡೂ ಸೇರಿ ನಿಮ್ಮ ಮಕ್ಕಳ ಎಫ್ ಶೇಕಡಾ 6.25. ಸೋದರಮಾವನನ್ನು ಮದುವೆಯಾದರೆ 12.5. ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳನ್ನು ಅಣ್ಣತಂಗಿ ಅನ್ನುತ್ತೇವೆ, ಅತ್ತೆ ಮಾವನ ಮಕ್ಕಳನ್ನು ಮದುವೆಗೆ ಸಲ್ಲುವವರು ಅನ್ನುತ್ತೇವೆ. ಈ ಲೆಕ್ಕದಲ್ಲಿ ಇಬ್ಬರೂ ಒಂದೇ, 6.25. ಹೆದರಬೇಡಿ. ಇಂಥ ಮದುವೆಗಳಲ್ಲಿ ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಮನೆತನದಲ್ಲಿ ಪದೇ ಪದೇ ಬಂದ ಕಾಯಿಲೆ ಇದ್ದರೆ ಮಾತ್ರ ವೈದ್ಯರಿಗೆ ಬಿಚ್ಚಿ ಹೇಳಿ.

ಅಕ್ಕಾ, ಒಂದು ಹೋರಿ ತಂದರೆ ನಿಮ್ಮ ಮನೆಯ ಮಟ್ಟಿಗೆ ಸರಿ ಹೋಗುತ್ತದೆ. ಊರಿನ ಲೆಕ್ಕ ಬೇರೆ. ನಲವತ್ತು ದನಕ್ಕೆ ಒಂದೇ ಹೋರಿ ಇದ್ದರೆ ನಾಲ್ಕನ್ನು ಒಂದರಿಂದಲೂ ನಲವತ್ತರಿಂದಲೂ ಗುಣಿಸಿ, ಎರಡರ ಮೊತ್ತ ನಲವತ್ತೊಂದರಿಂದ ಭಾಗಿಸಿ. 3.9. ಅಂದರೆ ನಲವತ್ತೊಂದು ದನ ಇದ್ದರೂ ಸಂತಾನದ ಲೆಕ್ಕಕ್ಕೆ ನಾಲ್ಕೇ ದನ ಇದ್ದ ಹಾಗೆ. ಅದರ ಎರಡರಷ್ಟರಿಂದ ಒಂದನ್ನು ಭಾಗಿಸಿದರೆ ಪ್ರತಿ ತಲೆಮಾರಿಗೂ ಎಫ್ ಸುಮಾರು ಶೇಕಡಾ 13 ಏರುತ್ತದೆ. ಹೋರಿ ಐದಾದರೆ ಅದು 2.8ಕ್ಕೆ ಇಳಿಯುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹೇಳುವುದು ಒಂದು ತಲೆಮಾರಿಗೆ 1 ದಾಟಬಾರದು ಅಂತ. ಅದು ಒಂದು ಊರಿನಿಂದ ಆಗುವ ಕೆಲಸ ಅಲ್ಲ. ನಾಲ್ಕೈದು ಊರಿನವರು ಮಾತಾಡಿಕೊಂಡು ಹೋರಿಗಳನ್ನು ಸರದಿಯಲ್ಲಿ ಬದಲಿಸಿಕೊಳ್ಳಬೇಕು.


ಕೊಟ್ಟಿಗೆಯವಳು, ಶಿರಸಿ:

ಎಲ್ಲರಿಗೂ ಮನಸಾರೆ ವಂದನೆ. ಮಾರನೇ ದಿನವೇ ಬೋಳನನ್ನು ಬೇರೆ ಕಟ್ಟಿದೆ. ಮಾರುವುದಿಲ್ಲ. ಗೊಬ್ಬರ ಕೊಡುತ್ತಾನೆ, ಅಷ್ಟು ಸಾಕು. ನಮ್ಮ ಕೇರಿಯ ಆರು ಮನೆಗೆ ಹೋಗಿ ಯಾವ ದನಕ್ಕೆ ಯಾವ ಹೋರಿ ಅಂತ ಕೇಳಿ ಬರೆದುಕೊಂಡೆ. ನಾಲ್ಕು ಮನೆಯ ಕರುಗಳಿಗೂ ತಂದೆ ಬೋಳನೇ. ಸರದಿಯ ಮಾತು ತೆಗೆದೆ. ಮೂವರು ಒಪ್ಪಿದ್ದಾರೆ.

ಅಂಕೋಲಾದ ಅಣ್ಣನಿಗೆ ಫೋನ್ ಮಾಡಿದ್ದೆ. ಕರು ತುಂಬಾ ಚೆನ್ನಾಗಿದೆ, ಫೋಟೋ ಕಳಿಸಿದರು. ಅದರ ತಾಯಿ ಯಾವುದು, ಅಜ್ಜಿ ಯಾವುದು ಅಂತ ಕೇಳಿದೆ. ತಾಯಿ ಮನೆಯಲ್ಲೇ ಹುಟ್ಟಿದ್ದಂತೆ. ಅಜ್ಜಿಯನ್ನು ಅವರ ಅಪ್ಪ 2008ರಲ್ಲಿ ಶಿರಸಿ ಕಡೆಯಿಂದ ಕೊಂಡು ತಂದದ್ದಂತೆ, ಮಣಕ ಇರುವಾಗ. ಯಾವ ಊರು ಅಂತ ಅವರಿಗೆ ನೆನಪಿಲ್ಲ. ಮಾವನ 2008ರ ಪಂಚಾಂಗದಲ್ಲಿ ಮಾರ್ಚ್ ಪುಟ ಇಲಿ ತಿಂದ ಪುಟ. ಉಳಿದ ತುಂಡಿನಲ್ಲಿ "ದೊಡ್ಡಿಯ" ಅಂತ ಇದೆ, ಮುಂದೆ "ಮಾರಿದ್ದು" ಅಂತ ಇದೆ. ಮಧ್ಯೆ ಇಲ್ಲ. ಡಾಕ್ಟ್ರೇ, ಡಿಎನ್‌ಎ ನೋಡಿಸಲು ಏನು ಬೇಕು?


ನಿವೃತ್ತ ಪಶುವೈದ್ಯ, ಕುಮಟಾ:

ಬಾಲದ ಕೂದಲು. ಬುಡದ ಬಿಳಿ ಗಂಟು ಸಮೇತ ಕಿತ್ತಿರಬೇಕು, ಕತ್ತರಿಸಿದ್ದು ಆಗುವುದಿಲ್ಲ. ಒಂದೊಂದು ದನದ್ದು ಇಪ್ಪತ್ತು ಮೂವತ್ತು ಎಳೆ. ಒಣಗಿದ ಕಾಗದದ ಲಕೋಟೆಯಲ್ಲಿ ಇಡು. ಪ್ಲಾಸ್ಟಿಕ್ ಬೇಡ, ಬೆವರು ಹಿಡಿಯುತ್ತದೆ. ಲಕೋಟೆ ಮೇಲೆ ಹೆಸರೂ ಕಿವಿಯ ಓಲೆಯ 12 ಅಂಕಿಯೂ ಬರೆ. ಚುಕ್ಕಿ, ಕಪಿಲೆ, ಬೋಳ, ಮತ್ತೆ ಅಂಕೋಲಾದ ಹೋರಿಕರು. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲಿ ಕೇಳಿ, ಎಲ್ಲಿಗೆ ಕಳಿಸಬೇಕು ಅಂತ ಈ ವಾರ ನಿನಗೆ ತಿಳಿಸುತ್ತೇನೆ. ಉತ್ತರ ಬರುವವರೆಗೆ ಚುಕ್ಕಿ ಬೆದೆಗೆ ಬಂದರೆ ಬೆಟ್ಟಕ್ಕೆ ಬಿಡಬೇಡ, ಕೊಟ್ಟಿಗೆಯಲ್ಲೇ ಕಟ್ಟು.